ಹಳಿಯ ಮೇಲೆ ಕೂಡದ ಎಂಜಿನು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಪೇಟೆಗಳಲ್ಲಿ ಒಂದಕ್ಕಾದರೂ ರೇಲ್ವೆಯ ಹಳಿ ಮುಟ್ಟಿಲ್ಲ. 1871ರಲ್ಲಿ ಜಿ. ಐ. ಪಿ. ಕಂಪನಿಯವರು ಸೊಲ್ಲಾಪುರದ ಕಡೆಯಿಂದ ರಾಯಚೂರಿಗೆ ಮುಟ್ಟಿಸಿದ ಹಾದಿಯು ನಮ್ಮನ್ನು ಬದಿಗಿಟ್ಟು ಕಲಬುರಗಿ, ಶಹಾಬಾದ, ವಾಡಿಗಳ ಮೇಲಿಂದ ಹೋಯಿತು. ಗಾಣಗಾಪುರದ ಹೆಸರು ಹೊತ್ತ ನಿಲ್ದಾಣವೊಂದು ಆ ಹಾದಿಯಲ್ಲಿ ಉಂಟಾದರೂ, ಭೀಮಾ-ಅಮರಜಾ ಸಂಗಮಕ್ಕೆ ಹೊರಟ ಯಾತ್ರಿಕನು ಅಲ್ಲಿ ಇಳಿದು ಮುಂದೆ ರಸ್ತೆಯನ್ನೇ ಹಿಡಿಯಬೇಕು. ಹೀಗಿದ್ದರೂ ರೇಲ್ವೆಯ ಅನ್ನ ಉಂಡ ಮನೆಗಳು ನಮ್ಮ ಸೀಮೆಯಲ್ಲಿ ಕಡಿಮೆಯಲ್ಲ. ಜೇವರ್ಗಿ ತಾಲೂಕಿನಲ್ಲಿರುವ ನನ್ನ ಸೋದರಮಾವನವರ ಮನೆಯೂ ಅಂಥದೇ. ಅವರು ಉಗಿಯ ಎಂಜಿನುಗಳ ಕೆಲಸದಲ್ಲಿ ಫಿಟರ್ ಆಗಿ ಕೈ ಕಪ್ಪು ಮಾಡಿಕೊಂಡವರು. ಬ್ರಾಡಗೇಜಿನ ಮೇಲಿನ ಉಗಿಯ ಆಳ್ವಿಕೆ 1995ಕ್ಕೆ ಮುಗಿಯಿತಷ್ಟೆ. ಆ ಬಳಿಕ ಅವರು ಮನೆಯಲ್ಲಿ ಕುಳಿತು, ಹಿತ್ತಾಳೆ ತಾಮ್ರಗಳಿಂದ, ಮೊಳದಷ್ಟೂ ಉದ್ದವಿಲ್ಲದ ಒಂದು ಎಂಜಿನನ್ನು ಕಟ್ಟಿದರು. ಆರು ಗಾಲಿ, ತಾಮ್ರದ ಬಾಯ್ಲರು, ಕೆಳಗೆ ಸ್ಪಿರಿಟ್ಟಿನ ದೀಪ. ಇದು ಆಟಿಗೆಯಲ್ಲ, ನಿಜವಾದ ಉಗಿಯಿಂದ ಓಡುವ ಎಂಜಿನು.

ಹಳಿಯ ಅಗಲ 45 ಮಿಲಿಮೀಟರು. ಇಂಗ್ಲಂಡದವರ 1435 ಮಿಲಿಮೀಟರಿನ ಹಾದಿಯನ್ನು ಮೂವತ್ತೆರಡರಲ್ಲಿ ಒಂದಂಶಕ್ಕೆ ಇಳಿಸಿದರೆ ಸರಿಸುಮಾರು ಈ ಅಳತೆ ಬರುವದು. ನಮ್ಮ ಬ್ರಾಡಗೇಜು 1676. ಅದನ್ನು ಅದೇ ಪ್ರಮಾಣಕ್ಕೆ ಇಳಿಸಿದರೆ 52ನ್ನು ದಾಟುವದು. ಸಿದ್ಧವಾದ ಗಾಲಿಗಳೂ ಹಳಿಗಳೂ 45ಕ್ಕೇ ದೊರೆಯುತ್ತಿದ್ದ ಕಾರಣ ಮಾವನವರು ಅದಕ್ಕೆ ಒಪ್ಪಿದರು. ಆದರೆ ತಮ್ಮ ಎಂಜಿನು ಪರದೇಶದ ಅಂಗಿ ತೊಟ್ಟಿದೆಯೆಂಬ ಕೊರಗು ಅವರಿಗೆ ಹೋಗಲಿಲ್ಲ.

ಕೆಲವು ವರ್ಷಗಳಿಂದ ಅವರ ದೃಷ್ಟಿ ಮಂದವಾಗುತ್ತ ಬಂದು ಈಗ ಬೆಳಕು-ನೆರಳುಗಳ ಭೇದ ಮಾತ್ರ ಉಳಿದಿದೆ. ಅದೇ ಕಾಲಕ್ಕೆ ಎಂಜಿನೂ ಹಳಿ ಬಿಡತೊಡಗಿತು. ಪರಸ್ಥಳದ ಕುಶಲಿಯೊಬ್ಬನಿಗೆ ಕೊಟ್ಟು ರಿಪೇರಿ ಮಾಡಿಸಿದರೂ ತಿರುಗಿ ಬಂದ ಮೇಲೆ ಮೊದಲಿಗಿಂತ ಹೆಚ್ಚು ಬೀಳಹತ್ತಿತು. "ಶ್ರಾವಣದೊಳಗ ಇದು ಹಳಿ ಮ್ಯಾಲ ಕೂಡಲಿಲ್ಲಂದ್ರ ಬೋಗಾರಗ ತೂಕಕ್ಕ ಹಾಕ್ರಿ" ಎಂದು ಅವರು ಮನೆಯವರಿಗೆ ಹೇಳಿಬಿಟ್ಟಿದ್ದರು. ಈ ಮಾತು ಆಳಂದದಲ್ಲಿದ್ದ ನನ್ನ ಕಿವಿಗೆ ಬಿದ್ದಾಗ ಆಷಾಢ ಅರ್ಧ ಸರಿದಿತ್ತು.

ಹಳಿ ಬಿಡುವ ಎಂಜಿನನ್ನು ಕಂಡೊಡನೆ ಅದರ ಹೊಟ್ಟೆ ಬಗೆಯುವದು ಸಲ್ಲದು. ತಪ್ಪು ಎಂಜಿನಿನದೋ ಹಾದಿಯದೋ ಎಂಬುದು ಮೊದಲು ತಿಳಿಯಬೇಕು. ಎಲ್ಲ ಬಂಡಿಗಳೂ ಒಂದೇ ಸ್ಥಳದಲ್ಲಿ ಬಿದ್ದರೆ ದೋಷ ಹಾದಿಯಲ್ಲಿದೆ. ಒಂದೇ ಬಂಡಿ ಎಲ್ಲ ಕಡೆಗೂ ಬಿದ್ದರೆ ದೋಷ ಬಂಡಿಯಲ್ಲಿದೆ. ನಮ್ಮಲ್ಲಿ ಹಾದಿಯ ಮೇಲೆ ಸಂಶಯ ಪಡಲಿಕ್ಕೆ ಕಾರಣವೂ ಉಂಟು. ಮಾವನವರ ಅಂಗಳ ಅಪ್ಪಟ ಎರೆಭೂಮಿ. ತೊಗರಿಗೆ ಅದು ತಾಯಿಯಾದರೂ ಹಳಿಗೆ ಮಲತಾಯಿ: ಮಳೆ ಬಿದ್ದರೆ ಉಬ್ಬುವದು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವದು. ಮಾವನವರು ಇದನ್ನು ಬಲ್ಲವರಾದ್ದರಿಂದ ಮಣ್ಣು ತೆಗೆದು ಗರಸು ತುಂಬಿ, ಮೇಲೆ ಶಹಾಬಾದದ ಫರಸಿ ಹಾಸಿ, ಅದರ ಮೇಲೆ ಹಳಿಯನ್ನು ಸುತ್ತಾಗಿ ಕೂಡಿಸಿದ್ದರು. ಎರಡು ಫರಸಿ ಕೂಡುವಲ್ಲಿ ಒಂದು ಬದಿ ತುಸು ತಗ್ಗಿತ್ತು. ತಗಡಿನ ತುಂಡು ಕೊಟ್ಟು ಎತ್ತಿದೆವು. ಗಾಡಿಗಳೆಲ್ಲ ನಿರಾತಂಕವಾಗಿ ಸುತ್ತಿದವು. ಎಂಜಿನು ಮಾತ್ರ ಬಿತ್ತು.

ಅದು ಬೀಳುವ ರೀತಿಯೇ ವಿಚಿತ್ರವಾಗಿತ್ತು. ಎಡಕ್ಕೆ ಸುತ್ತು ಹಾಕಿಸಿದರೆ ಓಡುವದು. ಬಲಸುತ್ತು ಹಾಕಿಸಿದರೆ ಮುಂದಿನ ಎಡಗಾಲಿ ಹಳಿಯ ಮೇಲೆ ಏರಿ ಹೊರಬೀಳುವದು. ದತ್ತಕ್ಷೇತ್ರದ ನೆರೆಯಲ್ಲಿದ್ದೂ ಪ್ರದಕ್ಷಿಣೆಗೆ ಒಲ್ಲೆನೆಂದು ಅಪ್ರದಕ್ಷಿಣೆಗೆ ಒಪ್ಪುವ ಈ ನಾಸ್ತಿಕನನ್ನು ಕಂಡು ಮನೆಯ ಹೆಂಗಸರು ನಕ್ಕರು.

ಗಾಲಿಗಳ ಒಳಬದಿಯ ಅಂತರವನ್ನು ಅಳೆದೆವು. ದೊಡ್ಡ ಬ್ರಾಡಗೇಜಿನಲ್ಲಿ ಅದು 1600 ಮಿಲಿಮೀಟರು. ಈ ಸಣ್ಣದರಲ್ಲಿ 40. ಅಫಜಲಪುರದಲ್ಲಿ ಪಂಪುಗಳ ರಿಪೇರಿಯ ಅಂಗಡಿಯೊಂದರಲ್ಲಿ ಲೇಥಿನ ಮೇಲೆ ಸರಿಯಾಗಿ 40ರ ಹಿತ್ತಾಳೆಯ ತುಂಡೊಂದನ್ನು ಮಾಡಿಸಿ ತಂದಿದ್ದೆ. ಅದು ಮೂರೂ ಜೋಡಿಗಳಲ್ಲಿ, ಗಾಲಿಯನ್ನು ಎಷ್ಟು ತಿರುಗಿಸಿದರೂ, ಬಿಗಿಯೂ ಆಗದೆ ಸಡಿಲವೂ ಆಗದೆ ಕುಳಿತಿತು. ಇಲ್ಲಿ ತಪ್ಪಿದ್ದರೆ ಕಷ್ಟವಿತ್ತು. ಯಾಕಂದರೆ ಗಾಲಿಯನ್ನು ಅಚ್ಚಿನ ಮೇಲೆ ಸರಿಸುವಾಗ ತುಸು ತಿರುಗಿದರೂ ಎಡಬಲಗಳ ಕೀಲುಗಳ ನಡುವಿನ ಕಾಟಕೋನ ಕೆಟ್ಟು, ಗಾಲಿಗಳನ್ನು ಕೂಡಿಸುವ ದಂಡಗಳು ಸೆಟೆದು ನಿಲ್ಲುವವು.

ಇನ್ನುಳಿದದ್ದು ಕೂಡುವ ಪ್ರಶ್ನೆ. ನಮ್ಮ ಹೆಣ್ಣುಮಕ್ಕಳು ಹೊಲದಲ್ಲಿ ಒಲೆ ಹೂಡುವಾಗ ಮೂರೇ ಗುಂಡು ಇಡುವರು, ನಾಲ್ಕಲ್ಲ. ನೆಲ ಎಷ್ಟು ತಗ್ಗುದಿಣ್ಣೆಯಿದ್ದರೂ ಮೂರರ ಮೇಲಿನ ಗಡಿಗೆ ಅಲುಗದು. ನಾಲ್ಕು ಕಾಲಿನ ಹೊರಸು ಹಾಗಲ್ಲ. ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಆರು ಗಾಲಿಯ ಎಂಜಿನಿನ ಪಾಡು ಹೊರಸಿಗಿಂತ ಕಠಿಣವಾದದ್ದು. ಆದುದರಿಂದಲೇ ಪ್ರತಿ ಅಚ್ಚಿಗೂ ಏರಿಳಿಯಲು ಎಡೆಗೊಟ್ಟು ಸ್ಪ್ರಿಂಗು ಇಡುವರು. ದೊಡ್ಡ ಎಂಜಿನುಗಳಲ್ಲಿ ಒಂದು ಸ್ಪ್ರಿಂಗಿಗೂ ಇನ್ನೊಂದಕ್ಕೂ ತಕ್ಕಡಿಯ ದಂಡದಂಥ ಕೂಡುದಂಡ ಹಾಕಿ, ಭಾರವೆಲ್ಲ ಕೊನೆಗೆ ಮೂರೇ ಗುಂಡುಗಳ ಮೇಲೆ ನಿಂತ ಹಾಗೆ ಮಾಡುವರು. ಒಲೆಯ ಶಾಸ್ತ್ರವೇ ಅಲ್ಲಿಯೂ ನಡೆಯುವದು.

ಫರಸಿಯ ಮೇಲೆ ದಪ್ಪ ಕನ್ನಡಿಯನ್ನಿಟ್ಟು ಅದರ ಮೇಲೆ ಎಂಜಿನನ್ನು ನಿಲ್ಲಿಸಿ, ಒಂದೊಂದು ಗಾಲಿಯ ಕೆಳಗೆ ತೆಳುಕಾಗದದ ಪಟ್ಟಿ ಇಟ್ಟು ಎಳೆದು ನೋಡಿದೆ. ನಡುವಿನ ಎರಡು ಪಟ್ಟಿಗಳು ಸುಲಭವಾಗಿ ಬಂದವು. ಮಾವನವರು ಬೆರಳಿನಿಂದ ಆ ಅಚ್ಚನ್ನು ಒತ್ತಿ, "ಎಣ್ಣಿ ಧೂಳು ಕೂಡಿ ಅಂಟಾಗ್ಯಾದ, ಚಿಮಣಿ ಎಣ್ಣಿ ಹಾಕಿ ತೊಳಿ" ಎಂದರು. ತೊಳೆದ ಮೇಲೆ ಆರೂ ಪಟ್ಟಿಗಳು ಬಿಗಿಯಾಗಿ ಹಿಡಿದವು. ಉಗಿ ಎಬ್ಬಿಸಿ ಬಲಸುತ್ತಿಗೆ ಬಿಟ್ಟೆವು. ಮೂರನೆಯ ಸುತ್ತಿನಲ್ಲಿ ಬಿತ್ತು.

ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಕೇಳಿದರು: "ತಮ್ಮಾ, ತಣ್ಣಗಿದ್ದಾಗ ದೂಡಿದ್ರ ಬೀಳ್ತದೋ, ಕಾಯ್ದಾಗಷ್ಟೇ ಬೀಳ್ತದೋ?"

ತಣ್ಣಗಾದ ಮೇಲೆ ಕೈಯಿಂದ ಹತ್ತು ಬಲಸುತ್ತು ದೂಡಿದೆ, ಒಮ್ಮೆಯೂ ಬೀಳಲಿಲ್ಲ. ಮತ್ತೆ ಉಗಿ ಎಬ್ಬಿಸಿ, ಕಾಯ್ದ ಎಂಜಿನನ್ನೇ ಬಟ್ಟೆಯಿಂದ ಹಿಡಿದು ಕನ್ನಡಿಯ ಮೇಲಿಟ್ಟೆವು. ಮುಂದಿನ ಎಡಗಾಲಿಯ ಪಟ್ಟಿ ಬೆಣ್ಣೆಯೊಳಗಿನ ಕೂದಲಿನಂತೆ ಹೊರಬಂತು.

ತಾಮ್ರವು ಕಾಯ್ದರೆ ಬೆಳೆಯುವದು. ಈ ಬಾಯ್ಲರಿನ ಉದ್ದ 250 ಮಿಲಿಮೀಟರು. ಉಗಿಯ ಒತ್ತಡ ಮೂರು ಕಿಲೋಗ್ರಾಮಿಗೆ ಏರಿದಾಗ ಒಳಗಿನ ನೀರಿನ ಕಾವು 140 ಡಿಗ್ರಿಯನ್ನು ದಾಟುವದು. ಅಷ್ಟಕ್ಕೆ ತಾಮ್ರವು ಸುಮಾರು ಅರ್ಧ ಮಿಲಿಮೀಟರು ಉದ್ದವಾಗುವದು. ಇದಕ್ಕಾಗಿಯೇ ಎಂಜಿನು ಕಟ್ಟುವವರು ಬಾಯ್ಲರನ್ನು ಹೊಗೆಪೆಟ್ಟಿಗೆಯ ಕಡೆಗೆ ಮಾತ್ರ ಭದ್ರವಾಗಿ ಬಿಗಿದು, ಬೆಂಕಿಯ ಕಡೆಗೆ ಸರಿದಾಡಲು ಬಿಡುವರು. ಮಾವನವರೂ ಹಿಂದಿನ ಎರಡು ಬೋಲ್ಟುಗಳಿಗೆ ಉದ್ದ ತೂತು ಕೊರೆದು ಬಿಗಿಯದೆ ಬಿಟ್ಟಿದ್ದರು. ಪರಸ್ಥಳದ ಕುಶಲಿಯು ಬಲಗಡೆಯ ಬೋಲ್ಟು ಸಡಿಲವಿದ್ದುದನ್ನು ಕಂಡು, ವಾಷರು ಹಾಕಿ ಗಟ್ಟಿಯಾಗಿ ಬಿಗಿದು, ಮೇಲೆ ಬೆಸುಗೆಯ ಬೊಟ್ಟನ್ನೂ ಇಟ್ಟಿದ್ದನು! ಬಾಯ್ಲರು ಕಾಯ್ದು ಬೆಳೆದಾಗ ಎಡಗಡೆ ಸರಿಯುತ್ತಿತ್ತು, ಬಲಗಡೆ ಸರಿಯಲೊಲ್ಲದು. ಬಲದ ಚೌಕಟ್ಟು ಬಿಲ್ಲಿನಂತೆ ನಡುವೆ ಉಬ್ಬಿ, ಭಾರವು ಅದರ ಎರಡು ತುದಿಯ ಗಾಲಿಗಳ ಮೇಲೆ ಹೋಗಿ, ಮುಂದಿನ ಎಡಗಾಲಿ ಹಗುರಾಗುತ್ತಿತ್ತು. ಬಲಕ್ಕೆ ಸುತ್ತುವಾಗ ಹೊರಹಳಿಯನ್ನು ಒತ್ತಿ ಹಿಡಿಯಬೇಕಾದದ್ದು ಆ ಎಡಗಾಲಿಯೇ. ಎಡಕ್ಕೆ ಸುತ್ತುವಾಗ ಆ ಕೆಲಸ ಭಾರ ಹೊತ್ತ ಬಲಗಾಲಿಗೆ ಬರುವದರಿಂದ ಎಂಜಿನು ಬೀಳುತ್ತಿರಲಿಲ್ಲ.

ಬೆಸುಗೆ ಕೆರೆದು, ವಾಷರು ತೆಗೆದು, ಬೋಲ್ಟನ್ನು ಕೈಬೆರಳಿನ ಬಿಗಿಗೆ ತಂದೆವು. ಶ್ರಾವಣಕ್ಕೆ ಇನ್ನೂ ಆರು ದಿನವಿತ್ತು. ಸಂಜೆ ಉಗಿ ಎಬ್ಬಿಸಿ ಬಲಸುತ್ತಿಗೆ ಬಿಟ್ಟಾಗ ಮಾವನವರು ಕಟ್ಟೆಯ ಮೇಲೆ ಕುಳಿತು, ಫರಸಿಯ ಸಂದಿಯಲ್ಲಿ ಬರುವ ಟಕ್ಕೆಂಬ ಸಪ್ಪಳದಿಂದ ಸುತ್ತುಗಳನ್ನು ಎಣಿಸಿದರು. ಇಪ್ಪತ್ತಮೂರಕ್ಕೆ ನೀರು ಮುಗಿಯಬಂದಿತೆಂದು ದೀಪ ಆರಿಸಿದೆ. ಎಂಜಿನು ತಾನಾಗಿ ನಿಂತಿತು.

"ಎಡಗಡೀ ದಂಡ ಒಂದೀಟು ಬಡೀಲಾಕತ್ತದ, ನಾಳಿ ಬಿಚ್ಚಿ ನೋಡು" ಎಂದು ಹೇಳಿ, ಕೋಲು ಹಿಡಿದು ಒಳಗೆ ಹೋದರು.