ಬತ್ತುವ ಬಾವಿ, ಬತ್ತದ ರಿಯಾಯಿತಿ

ತಿಂಗಳ ಕೊನೆಗೆ ಅಡುಗೆ ಅನಿಲಕ್ಕೂ ವಿದ್ಯುತ್ತಿಗೂ ಹಣ ತೆತ್ತು ಉಳಿದುದನ್ನು ಎಣಿಸುವ ನಮ್ಮಂಥವರಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಲಾಭದಲ್ಲಿರುವ ಇಂಧನೋದ್ಯಮಕ್ಕೆ ಸರಕಾರದ ನೆರವು ಏಕೆ? ತುಂಬಿದ ಕಣಜಕ್ಕೆ ಇನ್ನಷ್ಟು ಕಾಳು ಸುರಿಯುವ ಈ ಔದಾರ್ಯದ ಬಗೆಯನ್ನು ಅಮೆರಿಕದ ತೈಲಬಾವಿಗಳ ಚರಿತ್ರೆ ಚೆನ್ನಾಗಿ ತಿಳಿಸುತ್ತದೆ.

ಬಾವಿಯ ತೈಲ ತೆಗೆದಷ್ಟೂ ಕರಗುವ ಆಸ್ತಿ. ಯಂತ್ರದ ಸವಕಳಿಯನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯುವಂತೆ ಇದನ್ನೂ ಕಳೆಯಬೇಕೆಂಬ ವಾದ ನ್ಯಾಯವಾದುದೇ. ಆದರೆ 1926ರಲ್ಲಿ ಅಲ್ಲಿನ ಸಂಸತ್ತು ಹೂಡಿಕೆಯ ಲೆಕ್ಕವನ್ನು ಬದಿಗಿಟ್ಟು, ಬಾವಿಯ ಒಟ್ಟು ಆದಾಯದ ಶೇ. 27.5ರಷ್ಟನ್ನು, ನಿವ್ವಳ ಆದಾಯದ ಅರ್ಧ ಮೀರದಂತೆ, ತೆರಿಗೆಯಿಂದ ಬಿಟ್ಟುಕೊಟ್ಟಿತು. ಆ ಅಂಕಿ ಭೂವಿಜ್ಞಾನದಿಂದ ಬಂದುದಲ್ಲ. ಎರಡು ಸದನಗಳ ಚೌಕಾಸಿಯಿಂದ ಹುಟ್ಟಿದುದು. ಹೀಗಾಗಿ ಹೂಡಿದ ಹಣವೆಲ್ಲ ಮರಳಿದ ಮೇಲೂ ರಿಯಾಯಿತಿ ಮುಂದುವರಿಯಿತು.

1950ರಲ್ಲಿ ಅಧ್ಯಕ್ಷ ಟ್ರೂಮನ್ ಇದನ್ನು ಅನ್ಯಾಯವೆಂದು ಖಂಡಿಸಿದರು, ಸಂಸತ್ತು ಕದಲಲಿಲ್ಲ. 1969ರಲ್ಲಿ ಪ್ರಮಾಣ ಶೇ. 22ಕ್ಕೆ ಇಳಿಯಿತು. 1975ರಲ್ಲಿ ದೊಡ್ಡ ತೈಲ ಕಂಪನಿಗಳಿಗೆ ಅದು ತಪ್ಪಿತು. ಸಣ್ಣ ಉತ್ಪಾದಕರಿಗೆ ಮಿತಿಗಳೊಂದಿಗೆ ಉಳಿದುಕೊಂಡಿತು.

ಅರ್ಧ ಶತಮಾನ ಹಿಡಿದುದೇಕೆ? ಯುದ್ಧಕಾಲಕ್ಕೆ ತೈಲ ಬೇಕು, ಉದ್ಯೋಗ ಬೇಕು ಎಂಬ ಕಾರಣಗಳಲ್ಲಿ ಸತ್ಯಾಂಶವಿತ್ತು. ಜೊತೆಗೆ, ಟೆಕ್ಸಾಸಿನ ಸ್ಯಾಮ್ ರೇಬರ್ನ್ ದೀರ್ಘಕಾಲ ಕೆಳಮನೆಯ ಸಭಾಧ್ಯಕ್ಷರಾಗಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಲಾಭ ಕೆಲವರಲ್ಲಿ ಕೂಡಿತ್ತು, ಹೊರೆ ಕೋಟ್ಯಂತರ ಮಂದಿಯಲ್ಲಿ ಚದುರಿತ್ತು. ತನ್ನ ಪಾಲಿನ ಪುಡಿಗಾಸಿಗಾಗಿ ಯಾರೂ ರಾಜಧಾನಿಯ ಬಾಗಿಲು ತಟ್ಟುವುದಿಲ್ಲ. ಪಡೆಯುವವನು ಮಾತ್ರ ಬಾಗಿಲಲ್ಲೇ ಕಾದಿರುತ್ತಾನೆ.

ನಮ್ಮ ನಾಡಿನತ್ತಲೂ ನೋಡೋಣ. ಊರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಕಾಣುವ ಗಾಳಿಯಂತ್ರಗಳಂಥವಕ್ಕೆ ನಮ್ಮ ದೇಶದಲ್ಲಿ ಮೊದಲ ವರ್ಷಗಳಲ್ಲೇ ಬಹುಪಾಲು ಸವಕಳಿ ತೋರಿಸಿ ತೆರಿಗೆ ಉಳಿಸುವ ಅವಕಾಶವಿತ್ತು. ಎಳೆಯ ಉದ್ಯಮಕ್ಕೆ ಅದು ಆಸರೆಯಾಯಿತು. ಗಾಳಿಗಿಂತ ತೆರಿಗೆಯ ಉಳಿತಾಯವನ್ನೇ ನೆಚ್ಚಿ ಬಂದವರೂ ಇದ್ದರು. 2017ರಿಂದ ಆ ಪ್ರಮಾಣವನ್ನು ಶೇ. 80ರಿಂದ 40ಕ್ಕೆ ಇಳಿಸಲಾಯಿತು.

ಆದ್ದರಿಂದ ನೆರವು ಕೊಡುವುದೇ ತಪ್ಪೆಂದು ನಾವು ಹೇಳಲಾರೆವು. ಸಸಿಗೆ ಊರುಗೋಲು ಬೇಕು. ಆದರೆ ಅದನ್ನು ಕೀಳುವ ದಿನವನ್ನು ನೆಡುವ ದಿನವೇ ಬರೆದಿಡಬೇಕು. ಬಿಟ್ಟುಕೊಟ್ಟ ತೆರಿಗೆಯೂ ವೆಚ್ಚವೇ; ಬೊಕ್ಕಸದಲ್ಲಿ ಅದು ಬಿಡುವ ತೆರವನ್ನು ತುಂಬುವವರು ನಾವೇ. ಮುಂಗಡಪತ್ರ ಬಂದಾಗ ಯಾವುದು ತುಟ್ಟಿ, ಯಾವುದು ಅಗ್ಗ ಎಂಬ ಪಟ್ಟಿಯ ಜೊತೆಗೆ, ಬಿಟ್ಟುಕೊಟ್ಟ ತೆರಿಗೆಯ ಅನುಬಂಧವನ್ನೂ ನಾವು ಓದತೊಡಗಬೇಕು.