ಕಿರುತೆರೆಯ ದೆವ್ವ ಬೆಳ್ಳಿತೆರೆಗೆ ಬಂದಾಗ

ದೆವ್ವದ ಕಥೆಗೆ ತನ್ನದೇ ಆದ ಒಂದು ಅಳತೆಯಿದೆ. ಅದು ಒಂದು ಮನೆ, ಒಂದು ಬಾಗಿಲು, ಒಂದು ರಾತ್ರಿಗೆ ಸರಿಹೊಂದುವ ಕಥೆ. ಅಜ್ಜಿ ಹೇಳಿದರೂ ಅಷ್ಟೇ, ಟೀವಿಯಲ್ಲಿ ಅರ್ಧ ಗಂಟೆ ಬಂದರೂ ಅಷ್ಟೇ. ಅದೇ ಕಥೆಯನ್ನು ಎಳೆದು, ಹಿಗ್ಗಿಸಿ, ದೊಡ್ಡ ಪರದೆಯ ಸಿನಿಮಾ ಮಾಡಿದರೆ ಏನು ಉಳಿಯುತ್ತದೆ? ಏನು ಕಳೆದುಹೋಗುತ್ತದೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಕೆಲವು ಗೆಳೆಯರು ಎಷ್ಟೋ ಭಾನುವಾರಗಳನ್ನು ಕಳೆದಿದ್ದೇವೆ.

ನಾವೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಏಳೆಂಟು ಮಂದಿ. ಒಂದೇ ರೈಲು ದಾರಿಯ ಮೂರು ಊರುಗಳವರು. ನಮ್ಮಲ್ಲಿ ಶಾಲಾ ಮಾಸ್ತರರಿದ್ದಾರೆ, ಬೀಜದ ಅಂಗಡಿಯವರಿದ್ದಾರೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರಿದ್ದಾರೆ. ಹಿಂದೂಗಳೂ ಇದ್ದೇವೆ, ಮುಸ್ಲಿಮರೂ ಇದ್ದೇವೆ. ಕೂಡಿಸಿದ್ದು ಸಿನಿಮಾ ಹುಚ್ಚು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಾದ ಹುಡುಗ ಒಂದು ದಿನ, “ನಮ್ಮ ಕಡೆಯ ನಾಲ್ಕು ಭಯದ ಕಥೆ ಕೂಡಿಸಿ ಒಂದ ಪಿಚ್ಚರ್ ಮಾಡೂಣ್ರಿ, ಅಮೆರಿಕಾದವರು ಮಾಡಿದ್ರಲ್ಲ ಹಂಗ” ಎಂದ. ಅಮೆರಿಕದವರು ಮಾಡಿದ್ದೇನು ಎಂದು ತಿಳಿಯಲು ಹೋದ ನಮಗೆ ಸಿಕ್ಕಿದ್ದು ಸಿನಿಮಾ ತಂತ್ರದ ಪಾಠ ಮಾತ್ರವಲ್ಲ.

ಅವನು ಹೇಳಿದ್ದು ‘ದಿ ಟ್ವೈಲೈಟ್ ಝೋನ್’ ಕುರಿತು. 1959ರಿಂದ 1964ರವರೆಗೆ ಅಮೆರಿಕದ ಟೀವಿಯಲ್ಲಿ 156 ಕಂತುಗಳಲ್ಲಿ ಪ್ರಸಾರವಾದ ಸರಣಿಯಿದು. ಕಂತಿಗೊಂದು ಕಥೆ, ಕಥೆಗೊಂದು ಬೇರೆಯೇ ಲೋಕ. ಇದನ್ನು ಕಟ್ಟಿದವರು ರಾಡ್ ಸರ್ಲಿಂಗ್ ಎಂಬ ಲೇಖಕ. 92 ಕಂತುಗಳನ್ನು ಅವರೇ ಬರೆದರು. ಎರಡನೆಯ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿ ಬಂದ ಯಹೂದಿ ಮನೆತನದ ಈ ಮನುಷ್ಯ ವಿಚಿತ್ರ ಕಥೆಗಳ ಕಡೆಗೆ ತಿರುಗಿದ್ದಕ್ಕೆ ಒಂದು ಕಾರಣವಿದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಬಾಲಕನನ್ನು ಬಿಳಿಯರು ಕೊಂದರು. ಆರೋಪಿಗಳು ಬಿಡುಗಡೆಯಾದರು. ಆ ಘಟನೆಯಿಂದ ಕಲಕಿಹೋದ ಸರ್ಲಿಂಗ್ ಒಂದು ಟೀವಿ ನಾಟಕ ಬರೆದರೆ, ಜಾಹೀರಾತುದಾರರ ಅಂಜಿಕೆಯಿಂದ ಅದನ್ನು ಗುರುತು ಸಿಗದಂತೆ ಬದಲಿಸಲಾಯಿತು. ನೇರವಾಗಿ ಹೇಳಲು ಬಿಡದ ಮಾತನ್ನು ಅನ್ಯಗ್ರಹದವರ ಬಾಯಲ್ಲಿ, ಮಾಯಾಲೋಕದ ಮರೆಯಲ್ಲಿ ಹೇಳಬಹುದು ಎಂದು ಅವರು ಕಂಡುಕೊಂಡರು.

1960ರಲ್ಲಿ ಬಂದ ‘ಮೇಪಲ್ ಸ್ಟ್ರೀಟ್’ನ ಕಂತನ್ನೇ ನೋಡಿ. ಒಂದು ಬೀದಿಯಲ್ಲಿ ಕರೆಂಟು ಹೋಗುತ್ತದೆ. ಕಾರುಗಳು ಚಾಲೂ ಆಗುವುದಿಲ್ಲ. ಅನ್ಯಗ್ರಹದವರು ಮನುಷ್ಯರ ರೂಪದಲ್ಲಿ ನಮ್ಮ ನಡುವೆಯೇ ಇದ್ದಾರಂತೆ ಎಂದು ಒಬ್ಬ ಹುಡುಗ ತಾನು ಓದಿದ ಕಥೆಯನ್ನು ಹೇಳುತ್ತಾನೆ. ಅಷ್ಟು ಸಾಕಾಯಿತು. ಒಬ್ಬನ ಕಾರು ತಾನಾಗಿ ಚಾಲೂ ಆದದ್ದೇ ಅವನ ಮೇಲೆ ಸಂಶಯಕ್ಕೆ ಕಾರಣವಾಗುತ್ತದೆ. ನಿನ್ನೆಯವರೆಗೆ ಒಟ್ಟಿಗೆ ಉಂಡವರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ದೂರದಲ್ಲಿ ನಿಂತ ಅನ್ಯಗ್ರಹದವರು ಮಾಡಿದ್ದು ದೀಪ ಆರಿಸುವ, ಹಚ್ಚುವ ಕೆಲಸ ಮಾತ್ರ. ಉಳಿದದ್ದನ್ನು ನೆರೆಹೊರೆಯವರೇ ಮಾಡಿ ಮುಗಿಸಿದರು.

ಈ ಸರಣಿ 1983ರಲ್ಲಿ ಸಿನಿಮಾ ಆಯಿತು. ನಾಲ್ಕು ಕಥೆ, ನಾಲ್ವರು ನಿರ್ದೇಶಕರು: ಜಾನ್ ಲ್ಯಾಂಡಿಸ್, ಸ್ಟೀವನ್ ಸ್ಪೀಲ್‌ಬರ್ಗ್, ಜೋ ಡಾಂಟೆ ಮತ್ತು ಜಾರ್ಜ್ ಮಿಲ್ಲರ್. ಮೂರು ಕಥೆಗಳು ಹಳೆಯ ಕಂತುಗಳ ಮರುರೂಪ. ಲ್ಯಾಂಡಿಸ್‌ರ ಕಥೆ ಮಾತ್ರ ಹೊಸದು. ಅದರಲ್ಲಿ ಯಹೂದಿಗಳನ್ನು, ಕಪ್ಪು ಜನರನ್ನು, ಏಷ್ಯಾದವರನ್ನು ಬಾಯಿಗೆ ಬಂದಂತೆ ಬೈಯುವ ಒಬ್ಬ ಮನುಷ್ಯ. ಹೊರಗೆ ಕಾಲಿಟ್ಟರೆ ಅವನೇ ನಾಝಿಗಳ ಕೈಯಲ್ಲಿ ಯಹೂದಿ, ಬಿಳಿಯ ಗುಂಪಿನ ಕೈಯಲ್ಲಿ ಕಪ್ಪು ಮನುಷ್ಯ, ಅಮೆರಿಕದ ಸೈನಿಕರ ಗುಂಡಿನೆದುರು ವಿಯೆಟ್ನಾಮಿ! ತಾನು ದ್ವೇಷಿಸಿದವರ ಚರ್ಮದೊಳಗೆ ನಿಂತು ನೋಡುವ ಶಿಕ್ಷೆ. ಈ ಕಥೆಯ ಕೊನೆಗೆ ಅವನು ಪಶ್ಚಾತ್ತಾಪಪಟ್ಟು, ಇಬ್ಬರು ವಿಯೆಟ್ನಾಮಿ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನದಿ ದಾಟಿ ಕಾಪಾಡಬೇಕಿತ್ತು.

1982ರ ಜುಲೈ 23ರ ನಡುರಾತ್ರಿ ಕಳೆದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ಆ ದೃಶ್ಯದ ಚಿತ್ರೀಕರಣ ನಡೆದಿತ್ತು. ಮೇಲೆ ತೀರ ಕೆಳಮಟ್ಟದಲ್ಲಿ ಹಾರುವ ಹೆಲಿಕಾಪ್ಟರ್, ಸುತ್ತ ಸ್ಫೋಟಗಳು. ಸ್ಫೋಟದ ಹೊಡೆತಕ್ಕೆ ಹೆಲಿಕಾಪ್ಟರ್ ನಿಯಂತ್ರಣ ತಪ್ಪಿ ನೀರಿಗೆ ಬಿತ್ತು. ನಟ ವಿಕ್ ಮೊರೊ ಮತ್ತು ಅವರ ತೋಳಿನಲ್ಲಿದ್ದ ಏಳು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಅಲ್ಲೇ ಸತ್ತರು. ಏಷ್ಯಾದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳವು. ರಾತ್ರಿ ಹೊತ್ತಿನಲ್ಲಿ ಮಕ್ಕಳನ್ನು ದುಡಿಸಲು ಬೇಕಾದ ಪರವಾನಗಿ ಪಡೆಯದೆ, ಕೈಗೆ ನಗದು ಕೊಟ್ಟು ಕರೆತರಲಾಗಿತ್ತು. ನಿರ್ದೇಶಕರೂ ಸೇರಿ ಐವರ ಮೇಲೆ ಮೊಕದ್ದಮೆ ನಡೆದು 1987ರಲ್ಲಿ ಎಲ್ಲರೂ ಖುಲಾಸೆಯಾದರು.

ಸಿನಿಮಾ ಬಿಡುಗಡೆಯಾದಾಗ ಆ ಕಥೆಯಲ್ಲಿ ಮಕ್ಕಳಿರಲಿಲ್ಲ. ಆದ್ದರಿಂದ ಪಶ್ಚಾತ್ತಾಪವೂ ಇರಲಿಲ್ಲ. ದ್ವೇಷಿಸುವವನು ರೈಲಿನ ಡಬ್ಬಿಯಲ್ಲಿ ತುಂಬಿಹೋಗುತ್ತಾನೆ, ಕಥೆ ಮುಗಿಯುತ್ತದೆ. ದ್ವೇಷದ ವಿರುದ್ಧ ಹೇಳಲು ಹೊರಟ ಕಥೆಯೇ ಎರಡು ಬಡಪಾಯಿ ಜೀವಗಳನ್ನು ಲೆಕ್ಕಕ್ಕಿಡಲಿಲ್ಲ. ಇದನ್ನು ಮಾಸ್ತರರು ಓದಿ ಹೇಳಿದ ದಿನ ನಮ್ಮ ಗುಂಪಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಅದು ಅಮೆರಿಕ, ನಮ್ಮಲ್ಲಿ ಹಾಗಾಗದು ಎನ್ನುವ ಹಾಗಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಇಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಪರದೆ ದೊಡ್ಡದಾದಂತೆ ದೃಶ್ಯವೂ ದೊಡ್ಡದಾಗಬೇಕು ಎಂಬ ಹಟಕ್ಕೆ ಬೆಲೆ ತೆರುವವರು ಹೆಚ್ಚಾಗಿ ಚಿಕ್ಕವರೇ.

ಹಾಗೆಂದು ಕಿರುತೆರೆಯ ಭಯ ಬೆಳ್ಳಿತೆರೆಗೆ ಬರಲೇಬಾರದು ಎಂಬುದು ನಮ್ಮ ಮಾತಲ್ಲ. ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ. 1990ರ ದಶಕದ ಆರಂಭದ ‘ಗುಡ್ಡದ ಭೂತ’ ಧಾರಾವಾಹಿಯನ್ನು ನಮ್ಮಲ್ಲಿ ಹಿರಿಯರು ಇನ್ನೂ ಮರೆತಿಲ್ಲ. ಸದಾನಂದ ಸುವರ್ಣರು ತುಳು ನಾಟಕವನ್ನು ಆಧರಿಸಿ ದೂರದರ್ಶನಕ್ಕೆ ಮಾಡಿದ ಹದಿಮೂರು ಕಂತುಗಳು ಅವು. ಮುಂದೆ ಹೆಸರಾದ ಪ್ರಕಾಶ್ ರಾಜ್ ಅದರಲ್ಲಿದ್ದರು. ಕರಾವಳಿಯಲ್ಲಿ ಭೂತವೆಂದರೆ ಕೋಲ ಕಟ್ಟಿ ಆರಾಧಿಸುವ ದೈವ; ನಮ್ಮ ಕಡೆ ಭೂತವೆಂದರೆ ದೆವ್ವ. ಆ ವ್ಯತ್ಯಾಸ ತಿಳಿಯದೆಯೇ ನಾವು ಆ್ಯಂಟೆನಾ ತಿರುಗಿಸಿ ತಿರುಗಿಸಿ ಆ ಧಾರಾವಾಹಿಯನ್ನು ನೋಡಿ ಹೆದರಿದೆವು. 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ ಅದೇ ನೆನಪನ್ನು ಮತ್ತೆ ಎಬ್ಬಿಸಿತು. ಧಾರಾವಾಹಿಯನ್ನು ಹಾಗೇ ನಕಲು ಮಾಡದೆ, ಅದರ ಹಾಡಿನ ಗುಂಗನ್ನೂ ಗುಡ್ಡದ ಭಯವನ್ನೂ ತೆಗೆದುಕೊಂಡು ಬೇರೆ ಕಥೆ ಕಟ್ಟಿತು. ಅಲ್ಲಿಯೂ ಭೂತದ ಮುಖವಾಡದ ಹಿಂದೆ ಇರುವುದು ಮನುಷ್ಯನೇ.

ಇನ್ನೊಂದು ಉದಾಹರಣೆ ನಮ್ಮ ಬಾಗಿಲಿನಿಂದಲೇ ಹೋದದ್ದು. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಹಬ್ಬಿದ ‘ನಾಳೆ ಬಾ’ ವದಂತಿ ಓದುಗರಿಗೆ ನೆನಪಿರಬಹುದು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ; ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ನಮ್ಮ ಓಣಿಗಳಲ್ಲೂ ಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದ ಆ ಎರಡು ಶಬ್ದ ಜಾತಿ ಧರ್ಮದ ಭೇದವಿಲ್ಲದೆ ಬಾಗಿಲುಗಳ ಮೇಲಿದ್ದವು. ನಮ್ಮಲ್ಲೊಬ್ಬರ ದಾದಿ ಮಾತ್ರ, “ದೆವ್ವಕ್ಕ ಕನ್ನಡ ಓದಾಕ ಯಾವ ಮಾಸ್ತರ ಕಲಿಸ್ಯಾನ?” ಎಂದು ನಕ್ಕು, ಆಯತುಲ್ ಕುರ್ಸಿ ಓದಿ ಮಲಗಿರಿ ಎನ್ನುತ್ತಿದ್ದರಂತೆ.

ಈ ವದಂತಿಯನ್ನೇ ಹಿಂದಿಯವರು 2018ರಲ್ಲಿ ‘ಸ್ತ್ರೀ’ ಎಂಬ ಚಿತ್ರ ಮಾಡಿದರು. ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ದೆವ್ವ ಗಂಡಸರನ್ನೇ ಹೊತ್ತೊಯ್ಯುವಂತೆ ಮಾಡಿದರು. ರಾತ್ರಿ ಹೊರಗೆ ಹೋಗಲು ಹೆಂಗಸರು ಪಡುವ ಅಂಜಿಕೆ ಗಂಡಸರ ಪಾಲಿಗೆ ಬಂತು. ಕೊನೆಗೆ ಗೋಡೆಯ ಮೇಲಿನ ‘ನಾಳೆ ಬಾ’ ಎಂಬ ಬರಹವನ್ನು ಅಳಿಸಿ, ನೀನೇ ನಮ್ಮನ್ನು ಕಾಪಾಡು ಎಂಬ ಅರ್ಥದ ಮಾತನ್ನು ಊರವರು ಬರೆಯುತ್ತಾರೆ. ನಗಿಸುತ್ತಲೇ ಪ್ರಶ್ನೆ ಉಳಿಸಿಕೊಂಡ ಚಿತ್ರವದು. ನಮ್ಮ ಬಾಗಿಲ ಬರಹ ನಮಗೆ ಕಾಣದೆ ಅವರಿಗೆ ಕಂಡಿತಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚು ನಮಗಿದ್ದೇ ಇದೆ.

ಆದರೆ ‘ನಾಳೆ ಬಾ’ದಲ್ಲಿ ಇನ್ನೂ ಒಂದು ಕಥೆ ಹೇಳದೆ ಉಳಿದಿದೆ. ಬ್ಯಾಡಗಿಯ ನಮ್ಮ ಗೆಳೆಯರು ಹೇಳಿದ್ದು. ಆ ದಿನಗಳಲ್ಲಿ ಒಂದು ರಾತ್ರಿ ಅವರ ಓಣಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಬಂತು. ಗಂಡ ಊರಲ್ಲಿಲ್ಲ. ಅತ್ತೆ ಗಾಡಿ ಕೇಳಲು ಓಡಿದಳು. ಮೊದಲ ಮನೆಯ ಬಾಗಿಲು ಬಡಿದು ಕೂಗಿದಳು, ತೆರೆಯಲಿಲ್ಲ. ಎರಡನೆಯ ಮನೆಯಲ್ಲಿ ಒಳಗೆ ಉರಿಯುತ್ತಿದ್ದ ದೀಪವೂ ಆರಿತು. ಮೂರನೆಯ ಮನೆಯ ಮುದುಕಿ ಮಾತ್ರ ಬಾಗಿಲು ತೆರೆದು, ಮಗನನ್ನು ಎಬ್ಬಿಸಿ ಗಾಡಿ ಕಟ್ಟಿಸಿದಳು. ತಾಯಿ ಮಗು ಉಳಿದರು. ಅತ್ತೆ ಅಂದು ಬಾಗಿಲು ತೆರೆಯದವರ ಮನೆಗಳ ಮುಂದೆ ಹಾದುಹೋಗುವಾಗ ಸಾಯುವತನಕ ತಲೆಯೆತ್ತಿ ನೋಡಲಿಲ್ಲವಂತೆ. ಇಲ್ಲಿ ದೆವ್ವ ಯಾರು? ಹೊರಗೆ ನಿಂತು ಕೂಗಿದವಳೋ, ಒಳಗೆ ಕುಳಿತ ಅಂಜಿಕೆಯೋ?

ಇದನ್ನು ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. 2018ರ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದ ಬಳಿ ಕಾರು ತಡೆದ ಗುಂಪು ಹೊಡೆದ ಹೊಡೆತಕ್ಕೆ ಒಬ್ಬ ಯುವ ಇಂಜಿನಿಯರ್ ಸತ್ತ. ಸರ್ಲಿಂಗ್ 1960ರಲ್ಲಿ ತೋರಿಸಿದ ಆ ಬೀದಿ ಎಲ್ಲಿದೆ ಎಂದು ನಾವು ನಕಾಶೆಯಲ್ಲಿ ಹುಡುಕಬೇಕಾಗಿಲ್ಲ. ಅಲ್ಲಿ ದೀಪ ಆರಿಸಲು ಅನ್ಯಗ್ರಹದವರು ಬೇಕಾಗಿದ್ದರು. ಇಲ್ಲಿ ಒಂದು ಫೋನು ಸಾಕಾಯಿತು.

ಯಾರಾದರೂ ಸುದ್ದಿ ತಂದರೆ ಮೊದಲು ಪರಿಶೀಲಿಸಿ, ತಿಳಿಯದೆ ಯಾರಿಗಾದರೂ ಕೇಡು ಮಾಡಿ ಆಮೇಲೆ ಪರಿತಪಿಸಬೇಡಿ ಎಂಬ ಆದೇಶ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನಲ್ಲಿದೆ. ಈ ವಿವೇಕ ಒಂದು ಸಮುದಾಯಕ್ಕೆ ಸೀಮಿತವಾದುದಲ್ಲ. ಕನಕದಾಸರ ಕಾಗಿನೆಲೆ, ಶರೀಫರ ಶಿಶುನಾಳ, ಸರ್ವಜ್ಞನ ಅಬಲೂರು ಎಲ್ಲವೂ ಇರುವ ಜಿಲ್ಲೆ ನಮ್ಮದು. ನೆರೆಯವನನ್ನು ಅನುಮಾನದಿಂದ ನೋಡುವುದನ್ನು ಈ ಮಣ್ಣು ನಮಗೆ ಕಲಿಸಿಲ್ಲ. ಆದರೂ ಕತ್ತಲಾದಾಗ ನಾವು ಯಾವ ಮನೆಯವರಾಗುತ್ತೇವೆ, ಮೊದಲನೆಯದೋ ಮೂರನೆಯದೋ ಎಂಬುದನ್ನು ಮೊದಲೇ ಹೇಳಲಾಗದು. ಒಳ್ಳೆಯ ಭಯದ ಕಥೆ ನಮ್ಮನ್ನು ಆ ಬಾಗಿಲ ಹಿಂದೆ ನಿಲ್ಲಿಸಿ ಕೇಳುವುದೇ ಈ ಪ್ರಶ್ನೆಯನ್ನು. ಕಿರುತೆರೆಯಿಂದ ಬೆಳ್ಳಿತೆರೆಗೆ ಹೊತ್ತು ತರಬೇಕಾದ ಸಾಮಾನು ಇದೊಂದೇ. ಉಳಿದ ಹೊಗೆ, ಬೆಂಕಿ, ಹೆಲಿಕಾಪ್ಟರ್ ಬಾರದಿದ್ದರೂ ನಡೆಯುತ್ತದೆ.

ನಮ್ಮ ಸಿನಿಮಾದ ನಾಲ್ಕು ಕಥೆಗಳಲ್ಲಿ ಮೊದಲನೆಯದು ಮೂರು ಬಾಗಿಲುಗಳದ್ದೇ ಆಗಲಿ ಎಂದು ನಿರ್ಧಾರವಾಗಿದೆ. ಉಳಿದ ಮೂರರ ಬಗ್ಗೆ ಜಗಳ ನಡೆದಿದೆ. ದುಡ್ಡಿನ ಮಾತು ಎತ್ತಿದರೆ ಬೀಜದ ಅಂಗಡಿಯವರು ಎದ್ದು ಚಹಾ ತರಲು ಹೋಗುತ್ತಾರೆ. ಆದರೆ ಒಂದು ಕಟ್ಟಳೆಗೆ ಎಲ್ಲರೂ ಒಪ್ಪಿದ್ದೇವೆ. ಚಿತ್ರರಂಗದಲ್ಲಿ ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿರಾಮವಿಲ್ಲದೆ ಮೂರು ಗಂಟೆ ಮೀರಬಾರದು ಎಂದು ನಮ್ಮ ದೇಶದ 2017ರ ನಿಯಮ ಹೇಳುತ್ತದೆ. ಜಿಲ್ಲಾಧಿಕಾರಿಗಳ ಅನುಮತಿಯೂ ಬೇಕು. ನಾವು ಅದಕ್ಕೆ ಇನ್ನೊಂದು ಸೇರಿಸಿದ್ದೇವೆ: ರಾತ್ರಿಯ ದೃಶ್ಯದಲ್ಲಿ ಮಗು ಇರಕೂಡದು. ಹುಟ್ಟುವ ಕೂಸಿನ ಅಳು ಒಳಗಿನಿಂದ ಕೇಳಿದರೆ ಸಾಕು.

ಸಿನಿಮಾ ಆಗುತ್ತದೋ ಇಲ್ಲವೋ, ಅಲ್ಲಾಹನು ಬಲ್ಲ. ಅಷ್ಟರವರೆಗೆ ಗುಂಪಿನ ಚಿಕ್ಕ ಹುಡುಗ ಹೇಳಿಕೊಟ್ಟ ಒಂದು ಅಭ್ಯಾಸವನ್ನು ನಾವೆಲ್ಲ ಇಟ್ಟುಕೊಂಡಿದ್ದೇವೆ. ಯಾರನ್ನೋ ದೆವ್ವ ಮಾಡಿ ತೋರಿಸುವ ಸಂದೇಶ ರಾತ್ರಿ ಹೊತ್ತು ಫೋನಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಅದಕ್ಕೆ ನಮ್ಮ ಹಳೆಯ ಬಾಗಿಲಿನ ಮಾತನ್ನೇ ಹೇಳುತ್ತೇವೆ: ನಾಳೆ ಬಾ. ಬೆಳಗಾದ ಮೇಲೆ ವಿಚಾರಿಸಿದರೆ ಅಂಥ ಸಂದೇಶಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಬಾಗಿಲನ್ನು ಮಾತ್ರ, ಯಾರಾದರೂ ಬಡಿದರೆ, ಅದೇ ರಾತ್ರಿ ತೆರೆಯಬೇಕು.