ಖೋಲಿ ಇತ್ತಲ್ಲ, ಉಳಕೊಂಡ್ವಿ

ಆಗಸ್ಟ್ ಮೊದಲ ವಾರ ಕಂಪನಿಯವರು ಕರೆದು ಕಾಗದ ಕೈಗಿಟ್ಟರು. 31 ಕಡೆಯ ದಿನ. ಮನೆಗೆ ಬಂದವನೇ ಠಾಣೆಯ ಆ ಫ್ಲ್ಯಾಟಿನ ಕರಾರುಪತ್ರ ಹುಡುಕಿದೆ. ಜೂನ್ 1ಕ್ಕೆ ಹೊಕ್ಕ ಮನೆ: 11 ತಿಂಗಳ ಲೀವ್ ಅಂಡ್ ಲೈಸೆನ್ಸ್, ತಿಂಗಳಿಗೆ 32,000, ಡಿಪಾಸಿಟ್ 1 ಲಕ್ಷ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಸಹಿ ಹಾಕುವಾಗ ಓದದೆ ಬಿಟ್ಟಿದ್ದ ಸಾಲು ಈಗ ಕಣ್ಣಿಗೆ ಬಿತ್ತು. ಮೊದಲ ಆರು ತಿಂಗಳು ಲಾಕ್-ಇನ್. ನಡುವೆ ಖಾಲಿ ಮಾಡಿದರೂ ಅಷ್ಟೂ ತಿಂಗಳ ದುಡ್ಡು ಕೊಡಬೇಕು. ಕಂಪನಿ ನನ್ನನ್ನು ಒಂದು ತಿಂಗಳಲ್ಲಿ ಬಿಡಬಹುದಿತ್ತು. ನಾನು ಮನೆಯನ್ನು ಆರು ತಿಂಗಳು ಬಿಡುವಂತಿರಲಿಲ್ಲ.

ಬೆಂಗಳೂರಿನಿಂದ ಬಂದವರಿಗೆ ಒಂದು ಮಾತು. ಅಲ್ಲಿ 11 ತಿಂಗಳು ಅಂದರೆ ನೋಂದಣಿಯ ರಗಳೆ ಇಲ್ಲ ಅಂತ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆಯಂತೆ ಕರಾರು ಎಷ್ಟೇ ತಿಂಗಳದ್ದಿದ್ದರೂ ಬರೆದು ನೋಂದಾಯಿಸಲೇಬೇಕು, ಆ ಹೊಣೆ ಮಾಲೀಕರದು. ಲೈಸೆನ್ಸ್ ಅಂದರೆ ಇರಲು ಅನುಮತಿ, ಅಷ್ಟೇ. ಕಾಯ್ದೆಯ ಲೆಕ್ಕದಲ್ಲಿ ನಾವು ಬಾಡಿಗೆದಾರರೇ ಅಲ್ಲ.

ಮಾಲೀಕರು ಕೆಟ್ಟವರಲ್ಲ. ಅವರಿಗೂ ಆ ಫ್ಲ್ಯಾಟಿನ ಸಾಲದ ಕಂತಿತ್ತು. ಮೂರು ತಿಂಗಳ 96,000 ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ಉಳಿದ 4,000 ಗೋಡೆಯ ಬಣ್ಣಕ್ಕೆ ಹೋಯಿತು. ಅಗ್ಗದ ಮನೆ ಹುಡುಕಹೋದರೆ ಬ್ರೋಕರುಗಳ ಮೊದಲ ಪ್ರಶ್ನೆ, ಎಲ್ಲಿ ಕೆಲಸ? ಎರಡನೆಯದು ಸ್ಯಾಲರಿ ಸ್ಲಿಪ್. ಕೆಲಸ ಹೋದವನಿಗೇ ಅಗ್ಗದ ಮನೆ ಬೇಕು, ಕೆಲಸ ಇದ್ದವನಿಗೇ ಅದು ಸಿಗುತ್ತದೆ.

ಕೊನೆಗೆ ಹೆಂಡತಿಯನ್ನು ಬೆಳಗಾವಿಗೆ ಕಳಿಸಿ, ಎರಡು ಸೂಟ್‌ಕೇಸ್ ಹಿಡಿದು ಲಾಲ್‌ಬಾಗ್‌ನ ಚಾಳಿಗೆ, ದೊಡ್ಡಪ್ಪನ ಖೋಲಿಗೆ ಹೋದೆ.

ದೊಡ್ಡಪ್ಪ ಗಿರಣಿ ಕಾರ್ಮಿಕರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಶುರುವಾದಾಗ ಹೊರಬಂದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಒಬ್ಬರು. ಮತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ. ಅವರ ಬಾಡಿಗೆ ಆಗ 20 ರೂಪಾಯಿಯೊಳಗೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತ್ತು. ದೊಡ್ಡವ್ವ ಊಟದ ಡಬ್ಬಿ ಮಾಡಿದರು, ಇವರು ತರಕಾರಿ ಮಾರಿದರು.

“ಊರಿಗೆ ಹೋಗೂದs ಇತ್ತು. ಖೋಲಿ ಇತ್ತಲ್ಲ, ಉಳಕೊಂಡ್ವಿ. ನಿಂದು ಬಾಡಿಗಿ ಎಷ್ಟಂದಿ?”

ಹೇಳಿದೆ. ಅವರು ಮತ್ತೊಮ್ಮೆ ಕೇಳಿದರು, ಕಿವಿ ಮಂದವೇನೋ ಅಂದುಕೊಂಡು ಮತ್ತೊಮ್ಮೆ ಹೇಳಿದೆ. ಕಿವಿ ನೆಟ್ಟಗೇ ಇತ್ತು.

ಆ ಕಾಯ್ದೆಯನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಬಾಡಿಗೆಯಲ್ಲಿ ಯಾವ ಮಾಲೀಕ ರಿಪೇರಿ ಮಾಡಿಸುತ್ತಾನೆ? ಜಿನೆಗೆ ಕಟ್ಟಿಗೆಯ ಆಸರೆ ಕೊಟ್ಟಿದ್ದಾರೆ. ಮಳೆಗಾಲದ ರಾತ್ರಿ ಚಾವಣಿಯ ಸುಣ್ಣ ಉದುರಿದರೆ ನಾಲ್ಕೂ ಜನ ಎದ್ದು ಕೂರುತ್ತೇವೆ. ಹೊಸಬರಿಗೆ ಆ ಬಾಡಿಗೆ ಸಿಗುವುದೂ ಇಲ್ಲ, ಪಗಡಿ ಅಂತ ಲಕ್ಷಗಟ್ಟಲೆ ಸುರಿಯಬೇಕು. ಆದರೂ ಸಂಬಳ ನಿಂತ ತಿಂಗಳಲ್ಲಿ ಇವರು ಸೂರು ಕಳೆದುಕೊಳ್ಳಲಿಲ್ಲ, ನಾನು ಕಳೆದುಕೊಂಡೆ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊಸ ಕರಾರುಪತ್ರ ಬಂದಾಗ ಲಾಕ್-ಇನ್ ಒಂದು ತಿಂಗಳಿಗೆ ಇಳಿಸಿ ಎಂದು ಕೇಳಿದೆ. ಬ್ರೋಕರ್ ನಕ್ಕು, ಮೂರಕ್ಕೆ ಒಪ್ಪಿಸುತ್ತೇನೆ, ಬಾಡಿಗೆ 1,000 ಜಾಸ್ತಿಯಾಗುತ್ತದೆ ಎಂದ. ಸಹಿ ಹಾಕಿದೆ.